ತಿಂಗಳುಗಟ್ಟಲೆ ನಿಲ್ಲುವ ಕ್ಯಾಂಪರ್ ವ್ಯಾನಿನ ಬ್ಯಾಟರಿ ಡೌನ್ ಆಗದಂತೆ ನೋಡಿಕೊಳ್ಳುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಸಮಗ್ರ ಮಾರ್ಗದರ್ಶಿ

"ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ, ಆದರೂ ಹೊರಡೋ ದಿನ ಸೆಲ್ಫ್ ತಗೊಳ್ಳಲ್ಲ." ಕ್ಯಾಂಪರ್ ವ್ಯಾನ್ ಇಟ್ಟುಕೊಂಡ ನಮ್ಮ ಕಡೆಯವರೆಲ್ಲ ಹೇಳುವ ಮಾತಿದು. ಆಮೇಲೆ ಹೊಸ ಬ್ಯಾಟರಿ ಹಾಕಿಸುತ್ತಾರೆ. ಅದೂ ಬಹಳ ದಿನ ಬಾಳುವುದಿಲ್ಲ.

ಇಲ್ಲಿ ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಮೊದಲು ಅಳೆಯಬೇಕು. ಆಮೇಲೆ ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ನಂತರ ಒಂದು ಸಲ ಪೂರ್ತಿ ಚಾರ್ಜ್ ಮಾಡಬೇಕು. ಅದನ್ನು ಹಾಗೇ ಉಳಿಸಿಕೊಳ್ಳುವ ಏರ್ಪಾಡು ಕೊನೆಗೆ. ಹೆಚ್ಚಿನವರು ಸೋಲಾರ್ ಪ್ಯಾನೆಲ್ಲೋ ಚಾರ್ಜರೋ ಕೊಂಡು ನೇರ ಕೊನೆಯ ಹೆಜ್ಜೆಗೆ ಹೋಗುತ್ತಾರೆ.

## ಶುರುವಿಗೆ ಮುಂಚೆ: ಹತ್ತು ನಿಮಿಷದ ಲೆಕ್ಕ

ನಿಂತ ಗಾಡಿಯೂ ಕರೆಂಟ್ ಎಳೆಯುತ್ತಲೇ ಇರುತ್ತದೆ. ಗಡಿಯಾರ, ಅಲಾರಂ, ಸ್ಟೀರಿಯೋ, ಇಂಜಿನ್ ಕಂಪ್ಯೂಟರ್ ಎಲ್ಲ ಸೇರಿ 50 ಮಿಲಿಆಂಪ್ ಎಂದುಕೊಳ್ಳಿ. ಒಂದು ದಿನಕ್ಕೆ 1.2 ಆಂಪ್ ಅವರ್ ಆಯಿತು (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್). ವಾರಕ್ಕೆ 8 ಆಂಪ್ ಅವರ್ ದಾಟಿತು.

ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಬ್ಯಾಟರಿಗೆ ಎಷ್ಟು ಸೇರುತ್ತದೆ? ಆ ವೇಗದಲ್ಲಿ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ, ನಮ್ಮ ಮೆಕ್ಯಾನಿಕ್‌ಗಳು ಡೈನಮೋ ಎನ್ನುವುದು ಇದಕ್ಕೇ) ಪೂರ್ತಿ ಶಕ್ತಿ ಕೊಡುವುದಿಲ್ಲ. 12 ಆಂಪ್ ಸೇರಿತು ಎಂದೇ ಹಿಡಿದರೂ ಹತ್ತು ನಿಮಿಷಕ್ಕೆ 2 ಆಂಪ್ ಅವರ್ ಅಷ್ಟೇ. ಅಷ್ಟರಲ್ಲಿ ಸೆಕೆ ಅಂತ ಎಸಿ ಹಾಕಿದರೆ ಅದೂ ಇಲ್ಲ. ಅಂದರೆ ವಾರಕ್ಕೆ 6 ಆಂಪ್ ಅವರ್ ನಷ್ಟ. ಸಣ್ಣ ಪೆಟ್ರೋಲ್ ವ್ಯಾನಿನ 35 ಆಂಪ್ ಅವರ್ ಬ್ಯಾಟರಿ ಒಂದು ತಿಂಗಳಲ್ಲಿ ಮುಕ್ಕಾಲು ಪಾಲು ಇಳಿಯಿತು. ಹಾಗಾಗಿ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಿಟ್ಟುಬಿಡಿ. ಇಂಧನವೂ ದಂಡ.

ಇನ್ನೊಂದು ವಿಷಯ. ಬ್ಯಾಟರಿ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಚಳಿ ದೇಶದವು. ಅಲ್ಲಿ ಹಿಮ ಬೀಳುವಾಗ ಗಾಡಿ ನಿಲ್ಲಿಸುತ್ತಾರೆ. ನಾವು ನಿಲ್ಲಿಸುವುದು ಮಾರ್ಚ್‌ನಿಂದ ಮೇ ತನಕ. ರಾಯಚೂರಿನಲ್ಲಿ ಆಗ 40 ಡಿಗ್ರಿ ದಾಟುವುದು ಮಾಮೂಲು. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿ ತಾನಾಗಿಯೇ ಇಳಿಯುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಒಳಗಿನ ನೀರೂ ಬೇಗ ಆರುತ್ತದೆ. ಅಲ್ಲಿನ ಸಂಖ್ಯೆಗಳನ್ನು ಹಾಗೇ ತಂದು ಇಲ್ಲಿ ಹಾಕಿದರೆ ಕೆಲಸ ಕೆಡುತ್ತದೆ.

## ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು. ಅದರಲ್ಲಿ 10 ಆಂಪ್ ಡಿಸಿ ಅಳೆಯುವ ತೂತು ಇರಲೇಬೇಕು. ಟರ್ಮಿನಲ್ ಬಿಚ್ಚಲು ಪಾನಾ, ಸಾಮಾನ್ಯವಾಗಿ 10 ನಂಬರ್. ವೈರ್ ಬ್ರಶ್, ಅಡುಗೆ ಸೋಡಾ, ವ್ಯಾಸಲೀನ್. ನೀರು ಹಾಕುವ ಬ್ಯಾಟರಿಯಾದರೆ ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಹೈಡ್ರೋಮೀಟರ್ ಮತ್ತು ಡಿಸ್ಟಿಲ್ಡ್ ವಾಟರ್. ರಬ್ಬರ್ ಗ್ಲೌಸ್, ಕನ್ನಡಕ. ತಾನೇ ಕರೆಂಟ್ ಇಳಿಸಿಕೊಳ್ಳುವ ಸ್ಮಾರ್ಟ್ ಚಾರ್ಜರ್.

ಚಾರ್ಜರ್ ಬದಲು ಮನೆಯ ಇನ್ವರ್ಟರ್‌ಗೆ ಗಾಡಿ ಬ್ಯಾಟರಿ ಸಿಕ್ಕಿಸುವ ಚಟ ನಮ್ಮಲ್ಲಿ ಇದೆ. ಆ ಇನ್ವರ್ಟರ್ 150 ಆಂಪ್ ಅವರ್‌ನಂಥ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಯನ್ನು ಲೆಕ್ಕದಲ್ಲಿಟ್ಟು ಮಾಡಿದ್ದು. ಸಣ್ಣ ಬ್ಯಾಟರಿಗೆ ಅದರ ಕರೆಂಟ್ ಜಾಸ್ತಿ. ವಾರಗಟ್ಟಲೆ ಬಿಟ್ಟರೆ ನೀರು ಕುದಿದು ಪ್ಲೇಟ್ ಹಾಳಾಗುತ್ತವೆ. ಬೇಡ.

## ಹಂತ 1: ಯಾವ ಬ್ಯಾಟರಿ ಯಾವುದು ಎಂದು ಗುರುತಿಸಿ

ಕ್ಯಾಂಪರ್‌ನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ. ಒಂದು ಇಂಜಿನ್ ಸ್ಟಾರ್ಟ್ ಮಾಡುವುದು. ಇನ್ನೊಂದು ಒಳಗಿನ ಲೈಟು, ಫ್ಯಾನು, ಫ್ರಿಜ್‌ಗೆ. ಮೇಲಿನ ಸೋಲಾರ್ ಪ್ಯಾನೆಲ್ ಹೆಚ್ಚಿನ ವ್ಯಾನ್‌ಗಳಲ್ಲಿ ಎರಡನೆಯದನ್ನು ಮಾತ್ರ ಚಾರ್ಜ್ ಮಾಡುತ್ತದೆ. "ಮೇಲೆ ಪ್ಯಾನೆಲ್ ಇದೆ, ಆದರೂ ಸೆಲ್ಫ್ ಹೊಡೀತಿಲ್ಲ" ಎನ್ನುವವರ ಸಮಸ್ಯೆ ಬಹುತೇಕ ಇದೇ.

ಇಂಜಿನ್ ಆಫ್ ಮಾಡಿ ರಾತ್ರಿ ಬಿಡಿ. ಬೆಳಿಗ್ಗೆ ಪ್ಯಾನೆಲ್ ಮೇಲೆ ಬಿಸಿಲು ಬೀಳುವ ಮುಂಚೆ ಎರಡೂ ಬ್ಯಾಟರಿಯ ವೋಲ್ಟ್ ಅಳೆಯಿರಿ. ಬೇರೆ ಬೇರೆ ಬಂದರೆ ಸರಿ. ಎರಡೂ ಒಂದೇ ಬಂದರೆ ಅನುಮಾನ ಪಡಿ. ನಡುವಿನ ರಿಲೇ (ತಾನಾಗಿ ಜೋಡಿಸಿ ಬಿಡಿಸುವ ಸ್ವಿಚ್) ಅಂಟಿಕೊಂಡು ಎರಡನ್ನೂ ಸದಾ ಜೋಡಿಸಿಯೇ ಇಟ್ಟಿರಬಹುದು. ಆಗ ರಾತ್ರಿಯಿಡೀ ಓಡಿದ ಫ್ಯಾನು ಸ್ಟಾರ್ಟರ್ ಬ್ಯಾಟರಿಯನ್ನೂ ಹೀರುತ್ತದೆ.

ಹಳೆ ಮಿನಿ ಬಸ್ ಕೊಂಡು ಕ್ಯಾಂಪರ್ ಮಾಡಿಸಿದ್ದರೆ ಅದು 24 ವೋಲ್ಟ್ ಗಾಡಿಯೋ ಎಂದೂ ನೋಡಿ. ಎರಡು 12 ವೋಲ್ಟ್ ಬ್ಯಾಟರಿಗಳು ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿದ್ದರೆ 24. ಇಲ್ಲಿ ಬರೆದ ಸಂಖ್ಯೆಗಳೆಲ್ಲ 12 ವೋಲ್ಟ್‌ಗೆ.

## ಹಂತ 2: ವೋಲ್ಟ್ ಅಳೆಯಿರಿ, ಆದರೆ ಆತುರ ಬೇಡ

ಓಡಿಸಿ ಬಂದ ಕೂಡಲೇ ಅಳೆದರೆ 12.9 ತೋರಿಸಬಹುದು. ಅದು ಮೇಲ್ಮೈ ಚಾರ್ಜ್, ಸ್ವಲ್ಪ ಹೊತ್ತಿಗೆ ಇಳಿದುಹೋಗುವಂಥದ್ದು. ನಂಬಬೇಡಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ, ಬಾಗಿಲು ಲೈಟ್ ಎಲ್ಲ ಆರಿದ ಮೇಲೆ ನೋಡಿ.

ಸಾಮಾನ್ಯ ಲೆಕ್ಕ ಹೀಗಿದೆ. 12.6ರ ಮೇಲಿದ್ದರೆ ಪೂರ್ತಿ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12.0 ಅಂದರೆ ಕಾಲು. 10.5ರ ಆಸುಪಾಸು ನಿಂತು, ಚಾರ್ಜ್ ಮಾಡಿದರೂ ಏರದಿದ್ದರೆ ಬ್ಯಾಟರಿಯ ಆರು ಸೆಲ್‌ಗಳಲ್ಲಿ (ಒಳಗಿನ ಖಾನೆಗಳಲ್ಲಿ) ಒಂದು ಸತ್ತಿದೆ. ಮುಂದಿನ ಹಂತಗಳನ್ನೆಲ್ಲ ಬಿಟ್ಟು ಅಂಗಡಿಗೆ ಹೋಗಿ.

ಈ ಪಟ್ಟಿಗೆ ಒಂದು ತಿದ್ದುಪಡಿ ಬೇಕು. ಬಿಸಿ ಪ್ರದೇಶಕ್ಕೆ ಮಾರುವ ಕೆಲವು ಬ್ಯಾಟರಿಗಳಲ್ಲಿ ಆಸಿಡ್ ಸ್ವಲ್ಪ ತೆಳು ಇರುತ್ತದೆ. ಹೈಡ್ರೋಮೀಟರ್‌ನಲ್ಲಿ 1.240 ಬಂದರೇ ಅವು ಪೂರ್ತಿ ತುಂಬಿದಂತೆ. ಅಂಥ ಬ್ಯಾಟರಿ ಪೂರ್ತಿ ಇದ್ದಾಗಲೂ 12.5 ವೋಲ್ಟ್ ಆಸುಪಾಸೇ ತೋರಿಸುತ್ತದೆ. 12.7 ಯಾಕೆ ಬರ್ತಿಲ್ಲ ಅಂತ ದಿನಗಟ್ಟಲೆ ಚಾರ್ಜ್ ಹಾಕಿ ಕುದಿಸಬೇಡಿ. ಬ್ಯಾಟರಿಯ ಲೇಬಲ್ ನೋಡಿ. ಹಂತ 5ರ ಪೂರ್ತಿ ಚಾರ್ಜ್ ಆಗಿ ಒಂದು ದಿನ ಕಳೆದ ಮೇಲೆ ಬರುವ ಸಂಖ್ಯೆಯನ್ನು ಟೇಪಿನ ಮೇಲೆ ಬರೆದು ಬ್ಯಾಟರಿಗೇ ಅಂಟಿಸಿ. ಅದು ನಿಮ್ಮ ಬ್ಯಾಟರಿಯ ಲೆಕ್ಕ. ಅದಕ್ಕಿಂತ 0.2 ವೋಲ್ಟ್ ಇಳಿದರೆ ಚಾರ್ಜ್ ಮಾಡುವ ಹೊತ್ತಾಯಿತು ಎಂದರ್ಥ. ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿದುಕೊಳ್ಳುವುದು ಕಡಿಮೆ.

## ಹಂತ 3: ಸೋರಿಕೆ ಹುಡುಕಿ

ಜನ ಬಿಟ್ಟುಬಿಡುವ ಹಂತ ಇದೇ. ಅರ್ಧ ದಿನ ಹೋದರೂ ಪರವಾಗಿಲ್ಲ, ಇಲ್ಲಿ ಸಮಯ ಕೊಡಿ.

1. ಬೀಗದ ಕೈ ಜೇಬಿನಲ್ಲಿಟ್ಟುಕೊಳ್ಳಿ. ಬ್ಯಾಟರಿ ಬಿಚ್ಚಿದ ಮೇಲೆ ಸೆಂಟ್ರಲ್ ಲಾಕ್ ಕೈಕೊಟ್ಟು ಕೀ ಒಳಗೇ ಉಳಿದ ಕಥೆಗಳು ಬೇಕಾದಷ್ಟಿವೆ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ.

2. ಬಾನೆಟ್ ತೆರೆಯಿರಿ. ಡ್ರೈವರ್ ಬಾಗಿಲು ತೆರೆದಿಟ್ಟು ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಸಿ. ಬಾಗಿಲ ಸ್ವಿಚ್ ಬೇರೆ ಇದ್ದರೆ ಅದನ್ನೂ ಒತ್ತಿ ಟೇಪ್ ಹಾಕಿ. ಬಾಗಿಲು ಮುಚ್ಚಿದೆ ಎಂದು ಗಾಡಿ ನಂಬಬೇಕು. ಇಲ್ಲದಿದ್ದರೆ ಫ್ಯೂಸ್ ಪೆಟ್ಟಿಗೆ ಮುಟ್ಟುವಾಗಲೆಲ್ಲ ಒಳಗಿನ ಲೈಟ್ ಹತ್ತಿ ಲೆಕ್ಕ ತಪ್ಪುತ್ತದೆ.

3. ಮೈನಸ್ ಕೇಬಲ್ ಬಿಚ್ಚಿ. ಬಿಚ್ಚುವಾಗ ಯಾವಾಗಲೂ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಗಾಡಿಯ ಲೋಹಕ್ಕೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

4. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ. ಮೀಟರಿನ ಒಂದು ಕಡ್ಡಿ ಬಿಚ್ಚಿದ ಕೇಬಲ್‌ಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗುಬ್ಬಿಗೆ. ಮೀಟರ್ ಹೀಗೆ ನಡುವೆ ಇರುವಾಗ ಕೀ ತಿರುಗಿಸಬೇಡಿ. ಸೆಲ್ಫ್ ಹೊಡೆದರಂತೂ ಮೀಟರ್ ಸುಟ್ಟು ಹೋಗುತ್ತದೆ.

5. ಅರ್ಧ ಗಂಟೆ ಕಾಯಿರಿ. ಗಾಡಿಯ ಕಂಪ್ಯೂಟರ್‌ಗಳು ನಿದ್ದೆಗೆ ಜಾರಲು ಅಷ್ಟು ಹೊತ್ತು ಬೇಕು. ಮೊದಲ ನಿಮಿಷದಲ್ಲಿ 2 ಆಂಪ್ ಕಂಡು ಗಾಬರಿಯಾಗಬೇಡಿ.

6. ಕೊನೆಗೆ 20ರಿಂದ 50 ಮಿಲಿಆಂಪ್ ಬಂದರೆ ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡಿ. ಯಾವುದನ್ನು ಕಿತ್ತಾಗ ಸಂಖ್ಯೆ ಧಡಕ್ಕನೆ ಇಳಿಯಿತೋ ಆ ಲೈನಿನಲ್ಲಿ ಕಳ್ಳ ಇದ್ದಾನೆ.

ಕ್ಯಾಂಪರ್‌ಗಳಲ್ಲಿ ಈ ಕಳ್ಳ ಹೆಚ್ಚಾಗಿ ಆಮೇಲೆ ಸೇರಿಸಿದ ಸಾಮಾನು. ಗಾಡಿ ಮಾರ್ಪಡಿಸಿದವರು ಹತ್ತಿರ ಸಿಕ್ಕಿತು ಅಂತ ಎಲ್‌ಇಡಿ ಪಟ್ಟಿ, ಯುಎಸ್‌ಬಿ ಸಾಕೆಟ್, ನೀರಿನ ಪಂಪ್, ಗ್ಯಾಸ್ ಅಲಾರಂ ಎಲ್ಲವನ್ನೂ ಸ್ಟಾರ್ಟರ್ ಬ್ಯಾಟರಿಗೇ ಎಳೆದಿರುತ್ತಾರೆ. ಇವುಗಳ ವೈರ್ ಫ್ಯೂಸ್ ಪೆಟ್ಟಿಗೆಗೆ ಹೋಗದೆ ನೇರ ಪ್ಲಸ್ ಟರ್ಮಿನಲ್‌ಗೆ ಹೋಗಿರಬಹುದು. ಫ್ಯೂಸ್ ಎಲ್ಲ ಕಿತ್ತರೂ ಸಂಖ್ಯೆ ಇಳಿಯದಿದ್ದರೆ ಅಲ್ಲೇ ನೋಡಿ. ಅತಿ ಕೆಟ್ಟದ್ದು 230 ವೋಲ್ಟ್ ಇನ್ವರ್ಟರ್. ಏನೂ ಸಿಕ್ಕಿಸದೆ ಸುಮ್ನೆ ಆನ್ ಇದ್ದರೂ ಅರ್ಧ ಆಂಪ್ ಎಳೆಯಬಲ್ಲದು. ಅಂದರೆ ದಿನಕ್ಕೆ 12 ಆಂಪ್ ಅವರ್. ಇವನ್ನೆಲ್ಲ ಎರಡನೇ ಬ್ಯಾಟರಿಗೆ ಬದಲಾಯಿಸಲು ಆಟೋ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಹಳದಿ ಬೋರ್ಡಿನ ಗಾಡಿ ಕೊಂಡಿದ್ದರೆ ಒಳಗೆ ಟ್ರ್ಯಾಕರ್ ಇರುವ ಸಾಧ್ಯತೆ ಹೆಚ್ಚು. ಬೋರ್ಡ್ ಇನ್ನೂ ಹಳದಿಯೇ ಆಗಿದ್ದರೆ ಅದನ್ನು ಕೀಳಬೇಡಿ, ಅದರ ಕರೆಂಟನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನು ಇಲಿ. ಗಂಗಾವತಿ, ಸಿಂಧನೂರು ಕಡೆ ಅಕ್ಕಿ ಗಿರಣಿ, ಭತ್ತದ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಟಾರ್ಚ್ ಹಿಡಿದು ವೈರಿಂಗ್ ಪೂರ್ತಿ ನೋಡಲೇಬೇಕು. ಕಡಿದ ವೈರ್ ಗಾಡಿಯ ಲೋಹಕ್ಕೆ ತಾಗಿ ಸೋರುವುದಷ್ಟೇ ಅಲ್ಲ, ಬೆಂಕಿಗೂ ಅದೇ ದಾರಿ.

## ಹಂತ 4: ಮೇಲೆ ಒರೆಸಿ, ಒಳಗೆ ನೋಡಿ

ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಬಾನೆಟ್ ಒಳಗೂ ನುಗ್ಗುತ್ತದೆ. ಬ್ಯಾಟರಿ ಮೇಲಿನ ಆಸಿಡ್ ತೇವಕ್ಕೆ ಧೂಳು ಅಂಟಿದರೆ ಪ್ಲಸ್ಸಿನಿಂದ ಮೈನಸ್‌ಗೆ ಸಣ್ಣ ದಾರಿಯಾಗುತ್ತದೆ. ಪರೀಕ್ಷೆ ಸುಲಭ. ಮೀಟರನ್ನು ವೋಲ್ಟ್‌ಗೆ ಇಟ್ಟು, ಕೆಂಪು ವೈರನ್ನು ವೋಲ್ಟ್ ತೂತಿಗೆ ಮರಳಿ ಹಾಕಿ. ಕಪ್ಪು ಕಡ್ಡಿ ಮೈನಸ್‌ಗೆ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೇಲೆ ಎಳೆಯಿರಿ. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿದರೆ ಅಲ್ಲೂ ಸೋರುತ್ತಿದೆ.

ಅಡುಗೆ ಸೋಡಾ ಕಲಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ. ಆ ನೀರು ಸೆಲ್ ಒಳಗೆ ಒಂದು ಹನಿಯೂ ಹೋಗಬಾರದು. ಟರ್ಮಿನಲ್ ಉಜ್ಜಿ, ಬಿಗಿ ಮಾಡಿ, ಆಮೇಲೆ ವ್ಯಾಸಲೀನ್ ಸವರಿ.

ನೀರು ಹಾಕುವ ಬ್ಯಾಟರಿಯಾದರೆ ಆರೂ ಸೆಲ್ ತೆರೆದು ನೋಡಿ. ಪ್ಲೇಟ್ ಮುಳುಗಿರಬೇಕು. ಕಡಿಮೆಯಿದ್ದರೆ ಈಗ ಪ್ಲೇಟ್ ಮುಳುಗುವಷ್ಟು ಮಾತ್ರ ಹಾಕಿ. ಚಾರ್ಜ್ ಆದ ಮೇಲೆ ಗೆರೆ ತನಕ ತುಂಬಿಸಿ, ಇಲ್ಲದಿದ್ದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಗಡಸು ನೀರಿನ ಲವಣ ಪ್ಲೇಟ್ ತಿನ್ನುತ್ತದೆ. ಮನೆಯ ಆರ್‌ಓ ನೀರೂ ಡಿಸ್ಟಿಲ್ಡ್ ವಾಟರ್ ಅಲ್ಲ. ಆಸಿಡ್ ಅಂತೂ ಮೇಲೆ ಹಾಕಲೇಬಾರದು. ಆರಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ.

## ಹಂತ 5: ಒಂದು ಸಲ ಪೂರ್ತಿ ಚಾರ್ಜ್

ಬ್ಯಾಟರಿಯ ಆಂಪ್ ಅವರ್‌ನ ಹತ್ತನೇ ಒಂದು ಭಾಗ ಸರಿಯಾದ ಕರೆಂಟ್. 60 ಆಂಪ್ ಅವರ್‌ಗೆ 6 ಆಂಪ್. ಅರ್ಧ ಇಳಿದಿದ್ದರೆ ಐದು ಗಂಟೆಯಲ್ಲಿ ಬಹುಪಾಲು ತುಂಬುತ್ತದೆ, ಆದರೆ ಕೊನೆಯ ಭಾಗ ನಿಧಾನ. ಒಟ್ಟು ಹತ್ತು ಗಂಟೆಯಾದರೂ ಬೇಕು. "ಎರಡು ಗಂಟೆಯಲ್ಲಿ ಕೊಡ್ತೀವಿ" ಎನ್ನುವ ಫಾಸ್ಟ್ ಚಾರ್ಜ್ ಒಪ್ಪಬೇಡಿ. ಅಂಗಡಿಯಲ್ಲೇ ಕೊಟ್ಟರೆ ಸ್ಲೋ ಚಾರ್ಜ್ ಎಂದು ಹೇಳಿ ರಾತ್ರಿ ಬಿಟ್ಟು ಬನ್ನಿ.

ಮನೆಯಲ್ಲಾದರೆ ಸಂಜೆ ತಂಪಾದ ಮೇಲೆ ಶುರು ಮಾಡಿ. ಕ್ಲಿಪ್ ಮೊದಲು ಬ್ಯಾಟರಿಗೆ, ಗೋಡೆಯ ಸ್ವಿಚ್ ಆಮೇಲೆ. ತೆಗೆಯುವಾಗ ಸ್ವಿಚ್ ಮೊದಲು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಕೆಲವು ವ್ಯಾನ್‌ಗಳಲ್ಲಿ ಬ್ಯಾಟರಿ ಸೀಟಿನ ಕೆಳಗಿದೆ. ಅಂಥದ್ದಾದರೆ ಬಾಗಿಲುಗಳೆಲ್ಲ ತೆರೆದಿಡಿ, ಒಳಗಿನ ಗ್ಯಾಸ್ ಒಲೆ ಹಚ್ಚಬೇಡಿ, ಬೀಡಿ ಸಿಗರೇಟು ದೂರವಿಡಿ.

ಚಾರ್ಜ್ ನಿಲ್ಲಿಸಬೇಕಾದ ಲಕ್ಷಣಗಳು: ಬ್ಯಾಟರಿಯ ಬದಿ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಕೊಳೆತ ಮೊಟ್ಟೆಯ ವಾಸನೆ. ಪಕ್ಕ ಉಬ್ಬಿರುವುದು. ಐದು ಸೆಲ್ ಗುಳ್ಳೆ ಬಿಡುತ್ತಿದ್ದು ಒಂದು ಸುಮ್ಮನಿರುವುದು. ಮೊದಲ ಮೂರರಲ್ಲಿ ಯಾವುದು ಕಂಡರೂ ಗೋಡೆಯ ಸ್ವಿಚ್ ಆಫ್ ಮಾಡಿ, ಗಾಳಿ ಆಡಲು ಬಿಟ್ಟು ದೂರ ಸರಿಯಿರಿ.

ಚಾರ್ಜ್ ಮುಗಿದ ಮೇಲೆ ಮೈನಸ್ ಬಿಚ್ಚಿಯೇ ಒಂದು ದಿನ ಬಿಟ್ಟು ಅಳೆಯಿರಿ. 12.4ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿಯೇ ದುರ್ಬಲ. ಹೈಡ್ರೋಮೀಟರ್‌ನಲ್ಲಿ ಸೆಲ್‌ಗಳ ನಡುವೆ 0.050 ವ್ಯತ್ಯಾಸ ಬಂದರೂ ಅದೇ ತೀರ್ಪು. ಸರಿಯಿದ್ದರೆ ಕೇಬಲ್ ಹಾಕಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಆ ಕ್ಷಣ ವೋಲ್ಟ್ ನೋಡಿ. 9.6ಕ್ಕಿಂತ ಇಳಿಯಬಾರದು. ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಇಲ್ಲದಿದ್ದರೆ ದೋಷ ಆಲ್ಟರ್ನೇಟರ್‌ನದ್ದು.

## ಹಂತ 6: ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಏರ್ಪಾಡು

ಪ್ಲಗ್ ಪಾಯಿಂಟ್ ಹತ್ತಿರ ಇದ್ದರೆ ಸ್ಮಾರ್ಟ್ ಮೇಂಟೇನರ್ (ಬ್ಯಾಟರಿಯನ್ನು ಸದಾ ತುಂಬಿಯೇ ಇಡುವ ಸಣ್ಣ ಚಾರ್ಜರ್) ಸಿಕ್ಕಿಸಿಡಿ. ಇದೇ ಒಳ್ಳೆಯ ದಾರಿ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಕರೆಂಟ್ ಹೋಗಿ ಬಂದ ಮೇಲೆ ತಾನೇ ಶುರುವಾಗುತ್ತದೆಯೇ? ಕೆಲವಕ್ಕೆ ಮತ್ತೆ ಬಟನ್ ಒತ್ತಬೇಕು. ಜೆಸ್ಕಾಂ ಸಪ್ಲೈನಲ್ಲಿ ಅದು ಮೊದಲ ವಾರವೇ ನಿಂತುಹೋಗುತ್ತದೆ. ಎರಡನೆಯದು, ಉಷ್ಣತೆಗೆ ತಕ್ಕ ಹಾಗೆ ವೋಲ್ಟ್ ಇಳಿಸುತ್ತದೆಯೇ? 25 ಡಿಗ್ರಿಯಲ್ಲಿ 13.5 ವೋಲ್ಟ್ ಫ್ಲೋಟ್ (ತುಂಬಿದ ಬ್ಯಾಟರಿಯನ್ನು ಹಾಗೇ ಉಳಿಸುವ ವೋಲ್ಟ್) ಸರಿ. 40 ಡಿಗ್ರಿಯಲ್ಲಿ 13.2ರ ಆಸುಪಾಸು ಸಾಕು. ಈ ಸೌಲಭ್ಯ ಇಲ್ಲದಿದ್ದರೆ ಬೇಸಿಗೆಯಲ್ಲಿ ಸದಾ ಸಿಕ್ಕಿಸಿಡುವುದಕ್ಕಿಂತ ತಿಂಗಳಿಗೊಂದು ರಾತ್ರಿ ಹಾಕುವುದು ಮೇಲು. ಮೇ ತಿಂಗಳ ಗಾಳಿ ಮಳೆ ಗುಡುಗಿನ ಸೂಚನೆ ಕಂಡರೆ ಪ್ಲಗ್ ಕಿತ್ತಿಡಿ.

ಬಯಲಲ್ಲಿ ನಿಲ್ಲುವುದಾದರೆ 20 ವ್ಯಾಟ್ ಪ್ಯಾನೆಲ್, ಜೊತೆಗೆ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಸಣ್ಣ ಚಾರ್ಜ್ ಕಂಟ್ರೋಲರ್. ನಮ್ಮ ಬಿಸಿಲಿಗೆ ಒಳ್ಳೆಯ ದಿನ 4ರಿಂದ 5 ಆಂಪ್ ಅವರ್ ಕೊಡುತ್ತದೆ. ದಿನದ 1.2 ಆಂಪ್ ಅವರ್ ಸೋರಿಕೆಗೆ ಧಾರಾಳ. ಕಂಟ್ರೋಲರ್ ಇಲ್ಲದೆ ನೇರ ಜೋಡಿಸಬೇಡಿ. ಬ್ಯಾಟರಿ ಪ್ಲಸ್ ಪಕ್ಕದಲ್ಲೇ 5 ಆಂಪ್ ಫ್ಯೂಸ್ ಇರಲಿ. ಹದಿನೈದು ದಿನಕ್ಕೊಮ್ಮೆ ಧೂಳು ಒರೆಸಿ. ಡ್ಯಾಶ್‌ಬೋರ್ಡ್ ಮೇಲಿಟ್ಟು ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಪ್ಯಾನೆಲ್ ನನಗೆ ಇಷ್ಟವಿಲ್ಲ. ಗಾಜಿನ ಹಿಂದೆ ಬಿಸಿಲು ಕಡಿಮೆ, ಬಿಸಿ ಜಾಸ್ತಿ. ಬಹಳ ಗಾಡಿಗಳಲ್ಲಿ ಕೀ ತೆಗೆದರೆ ಆ ಸಾಕೆಟ್ಟೇ ಸತ್ತಿರುತ್ತದೆ. ಒಳಗಿನ ಬ್ಯಾಟರಿಗೆ ಈಗಾಗಲೇ ದೊಡ್ಡ ಪ್ಯಾನೆಲ್ ಇದ್ದರೆ ಅದರಿಂದ ಸ್ಟಾರ್ಟರ್‌ಗೂ ಸ್ವಲ್ಪ ಹರಿಸುವ ಎರಡು ಔಟ್‌ಪುಟ್ ಕಂಟ್ರೋಲರ್ ಸಿಗುತ್ತದೆ. ಆದರೆ ಒಳಗಿನದು ಲಿಥಿಯಂ ಆಗಿದ್ದರೆ ಎರಡನ್ನೂ ಸಾದಾ ವೈರ್‌ನಿಂದ ಜೋಡಿಸಬಾರದು. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ತಕ್ಕ ವೋಲ್ಟ್‌ನಲ್ಲಿ ಹರಿಸುವ ಡಿಸಿ-ಡಿಸಿ ಚಾರ್ಜರ್ ಬೇಕು.

ಎರಡೂ ಇಲ್ಲದಿದ್ದರೆ, ಅಂದರೆ ತಗಡಿನ ಶೆಡ್ಡಿನಲ್ಲಿ ಪ್ಲಗ್ ಇಲ್ಲದೆ ನಿಲ್ಲುವುದಾದರೆ, ಮೈನಸ್‌ಗೆ ಕಟ್‌ಆಫ್ ಸ್ವಿಚ್ ಹಾಕಿಸಿ. ಅಗ್ಗ, ಗಟ್ಟಿ. ಆದರೂ ಬ್ಯಾಟರಿ ತಾನಾಗಿ ಇಳಿಯುವುದು ನಿಲ್ಲದು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅಳೆಯಲೇಬೇಕು. ಎರಡು ತಿಂಗಳಿಗೂ ಮೇಲೆ ನಿಲ್ಲುವುದಾದರೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂಪು ಜಾಗದಲ್ಲಿಡಿ. ನೆಲದ ಮೇಲಿಟ್ಟರೆ ಇಳಿಯುತ್ತದೆ ಎನ್ನುವುದು ಹಳೇ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅದು ಅನ್ವಯಿಸಲ್ಲ.

ಓಡಿಸಿಯೇ ಚಾರ್ಜ್ ಮಾಡುತ್ತೇನೆ ಎನ್ನುವವರು ನಿಲ್ಲಿಸದೆ ಒಂದು ಗಂಟೆ ಓಡಿಸಿ. ರಾಯಚೂರಿನವರು ಶಕ್ತಿನಗರಕ್ಕೆ, ಕೊಪ್ಪಳದವರು ಮುನಿರಾಬಾದಿಗೆ, ಬಳ್ಳಾರಿಯವರು ತೋರಣಗಲ್ಲಿಗೆ ಹೋಗಿ ಬಂದರೆ ಸರಿಹೋಗುತ್ತದೆ. ಪೇಟೆಯೊಳಗೆ ತರಕಾರಿ ತಂದರೆ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಹೋಗಿ, ಎಸಿ ಬೇಕಾಗದು. ಟೈರಿಗೂ ಬ್ರೇಕಿಗೂ ಒಳ್ಳೆಯದು.

## ಹಂತ 7: ಹೊರಡುವ ದಿನವೇ ಡೌನ್ ಆಗಿದ್ದರೆ

ತಳ್ಳಿ ಸ್ಟಾರ್ಟ್ ಮಾಡುವ ಯೋಚನೆ ಹಳೆ ಗಾಡಿಗೆ ಸರಿ. ಈಗಿನ ಡೀಸೆಲ್ ವ್ಯಾನ್‌ಗಳಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂಜಿನ್ ಕಂಪ್ಯೂಟರ್ ಏಳುವುದೇ ಇಲ್ಲ, ಎಷ್ಟು ತಳ್ಳಿದರೂ ಅಷ್ಟೇ.

ಜಂಪರ್ ಕೇಬಲ್ ಹಾಕುವ ಮುಂಚೆ ಎರಡೂ ಗಾಡಿ 12 ವೋಲ್ಟ್ ಹೌದೋ ನೋಡಿ. ನೆರವಿಗೆ ಬಂದ ಲಾರಿ 24 ವೋಲ್ಟ್ ಆಗಿದ್ದರೆ ನಿಮ್ಮ ಎಲೆಕ್ಟ್ರಾನಿಕ್ಸ್ ಎಲ್ಲ ಹೊಗೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕಿಡಿ ಬ್ಯಾಟರಿ ಪಕ್ಕ ಹಾರಬಾರದು. ತೆಗೆಯುವಾಗ ಇದರ ಉಲ್ಟಾ.

ಸ್ಟಾರ್ಟ್ ಆಯಿತು ಅಂತ ಹಾಗೇ ಪ್ರವಾಸಕ್ಕೆ ಹೊರಡಬೇಡಿ. ಪೂರ್ತಿ ಸತ್ತ ಬ್ಯಾಟರಿಯನ್ನು ಬಿಸಿಲಲ್ಲಿ ಆಲ್ಟರ್ನೇಟರ್‌ನಿಂದಲೇ ತುಂಬಿಸುವುದು ಅದಕ್ಕೆ ಭಾರ. ಮಧ್ಯಾಹ್ನ ಆನೆಗೊಂದಿಯಲ್ಲಿ ಇಂಜಿನ್ ಆಫ್ ಮಾಡಿದರೆ ಮತ್ತೆ ಅಲ್ಲೇ ನಿಲ್ಲಬಹುದು. ಒಂದು ರಾತ್ರಿ ಚಾರ್ಜರ್‌ಗೆ ಹಾಕಿ ಮರುದಿನ ಹೊರಡಿ.

ಹೊಸದೇ ಬೇಕು ಎಂದಾದರೆ ಬ್ಯಾಟರಿ ಮೇಲಿನ ತಯಾರಿಕೆ ತಿಂಗಳು ಕೇಳಿ ನೋಡಿ. ಅಂಗಡಿಯ ಬಿಸಿ ಗೋದಾಮಿನಲ್ಲಿ ಆರು ತಿಂಗಳು ಕೂತ "ಹೊಸ" ಬ್ಯಾಟರಿಯೂ ಇಳಿದಿರುತ್ತದೆ. ಹಣ ಕೊಡುವ ಮುಂಚೆ ನಿಮ್ಮ ಮೀಟರಿನಲ್ಲೇ ಅಳೆಯಿರಿ. ಹಳೆಯದನ್ನು ಮರಳಿ ಕೊಟ್ಟರೆ ಬೆಲೆಯಲ್ಲಿ ಕಡಿತ ಸಿಗುತ್ತದೆ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.